ಸೀಮೋಲ್ಲಂಘನ ಕೋವಿಮೀಮಾಂಸೆ

ಯಾವ ಶಾಸ್ತ್ರಗ್ರಂಥವೂ ನೇರವಾಗಿ ವಿಷಯಕ್ಕೆ ಬರಬಾರದು. ಅಧಿಕಾರಿ ಯಾರು, ವಿಷಯ ಯಾವುದು, ಸಂಬಂಧ ಎಂಥದು, ಪ್ರಯೋಜನ ಏನು ಎಂಬ ನಾಲ್ಕು ಸಾಲ ತೀರಿಸಿಯೇ ಮುಂದೆ ಹೆಜ್ಜೆ ಇಡಬೇಕು. ಅದರಂತೆ, ಈ ಶಾಸ್ತ್ರಕ್ಕೆ ಅಧಿಕಾರಿ ಎಂದರೆ ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಮನೆ, ಫ್ಲಾರಿಡಾದಲ್ಲಿ ಅತ್ತೆಮನೆ, ಎರಡರ ನಡುವೆ ಓಡಾಡಲು ಒಂದು ಕಾರು ಇರುವ ಗೃಹಸ್ಥ. ವಿಷಯ, ಅವನ ಪಿಸ್ತೂಲು. ಸಂಬಂಧ, ಆ ಪಿಸ್ತೂಲಿಗೂ ಈ ಕ್ಷಣ ಅದರ ಕೆಳಗೆ ಹರಿಯುತ್ತಿರುವ ರಸ್ತೆಗೂ ಇರುವ ನಂಟು. ಪ್ರಯೋಜನ, ಆತ್ಮರಕ್ಷಣೆ. ನಾಲ್ಕನೆಯದರ ವಿಷಯದಲ್ಲಿ ಮಾತ್ರ ಪಂಡಿತರಲ್ಲಿ ಒಮ್ಮತವಿಲ್ಲ.

ಕನ್ನಡನಾಡಿನಲ್ಲಿ ಆಯುಧಪೂಜೆಯ ಮಾರನೆಯ ದಿನ ಊರ ಗಡಿ ದಾಟಿ, ಬನ್ನಿ ಮುಡಿದು ಬರುವ ಸೀಮೋಲ್ಲಂಘನ ಎಂಬ ಪದ್ಧತಿ ಉಂಟು. ಆಯುಧವೂ ಇದೆ, ಗಡಿಯೂ ಇದೆ. ಆದರೆ ಗಡಿ ದಾಟಿದ ಮೇಲೆ ಆಯುಧದ ಜಾತಿ ಬದಲಾಗುತ್ತದೆಯೇ ಎಂದು ಯಾರೂ ಕೇಳಿದಂತಿಲ್ಲ. ಅಮೆರಿಕದವರು ಕೇಳಿದರು. ಐವತ್ತು ರಾಜ್ಯಗಳಿಂದ ಐವತ್ತು ಉತ್ತರ ಬಂದವು, ರಾಜಧಾನಿ ವಾಷಿಂಗ್ಟನ್ ತನ್ನದೂ ಒಂದಿರಲಿ ಎಂದು ಐವತ್ತೊಂದನೆಯದನ್ನು ಸೇರಿಸಿತು.

ನಮ್ಮ ಗೃಹಸ್ಥ ಹಿಡಿಯುವ ದಾರಿ ಅಂತರರಾಜ್ಯ ಹೆದ್ದಾರಿ 95. ಕೆನಡಾದ ಅಂಚಿನ ಹೂಲ್ಟನ್ ಊರಿನಿಂದ ಮಯಾಮಿವರೆಗೆ ಸುಮಾರು 3,000 ಕಿಲೋಮೀಟರ್, ಹದಿನೈದು ರಾಜ್ಯ. ಮೇಯ್ನ್‌ನಲ್ಲಿ 2015ರಿಂದ, ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2017ರಿಂದ, ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿ ಇಟ್ಟುಕೊಂಡು ತಿರುಗಲು ಪರವಾನಗಿಯೇ ಬೇಡ. ನ್ಯೂ ಹ್ಯಾಂಪ್‌ಶೈರ್‌ನ ಪಾಲಿಗೆ ಬಂದಿರುವ ಹೆದ್ದಾರಿ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಒಂದು ಲೋಟ ಕಾಫಿ ಮುಗಿಯುವುದರೊಳಗೆ ಮ್ಯಾಸಚೂಸೆಟ್ಸ್ ಬರುತ್ತದೆ. ಅಲ್ಲಿ ಪರವಾನಗಿ ಇಲ್ಲದೆ ಹೊರಗೆ ಒಯ್ದ ಬಂದೂಕಿಗೆ ಜೈಲು ಕಡ್ಡಾಯ ಎಂಬ ಕಾನೂನು 1974ರಲ್ಲೇ ಆಯಿತು. ಮೊದಲು ಕನಿಷ್ಠ ಒಂದು ವರ್ಷ, ಈಗ ಹದಿನೆಂಟು ತಿಂಗಳು. ರಸ್ತೆಯ ಡಾಂಬರು ಅದೇ, ಆಕಾಶ ಅದೇ, ರೇಡಿಯೋದ ಹಾಡು ಕೂಡ ಅರ್ಧದಲ್ಲಿದೆ. ಸ್ವಾಗತ ಕೋರುವ ಒಂದು ಫಲಕ ಹಿಂದಕ್ಕೆ ಸರಿದದ್ದೇ, ಸೊಂಟದಲ್ಲಿದ್ದ ಹಕ್ಕು ಅಪರಾಧವಾಯಿತು. ವೇದಾಂತಿಗಳು ಹಗ್ಗ ಹಾವಾಗಿ ಕಾಣುತ್ತದೆ ಎಂದದ್ದು ಭ್ರಮೆಗೆ ದೃಷ್ಟಾಂತವಾಗಿ. ಇಲ್ಲಿ ಹಗ್ಗ ನಿಜವಾಗಿಯೂ ಹಾವಾಗುತ್ತದೆ, ಅದೂ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ.

ಈ ಸಂಕಟಕ್ಕೆ ಪರಿಹಾರವಾಗಿ ಬಂದದ್ದೇ 1986ರ ಬಂದೂಕು ಮಾಲೀಕರ ರಕ್ಷಣಾ ಕಾಯ್ದೆ. ಅಧ್ಯಕ್ಷ ರೇಗನ್ ಸಹಿ ಹಾಕಿದ ಈ ಕಾಯ್ದೆಯಿಂದ ಹುಟ್ಟಿದ 926ಎ ಎಂಬ ಕಲಮು ಇಡೀ ಶಾಸ್ತ್ರದ ಮೂಲಸೂತ್ರ. ಅದರ ತಾತ್ಪರ್ಯ ಇಷ್ಟು: ಹೊರಟ ಜಾಗದಲ್ಲಿ ಬಂದೂಕು ಇಟ್ಟುಕೊಳ್ಳುವುದೂ ಒಯ್ಯುವುದೂ ಕಾನೂನುಬದ್ಧವಾಗಿರಬೇಕು, ತಲುಪುವ ಜಾಗದಲ್ಲೂ ಹಾಗೇ ಇರಬೇಕು. ಹಾಗಿದ್ದರೆ ನಡುವಿನ ರಾಜ್ಯದವರು ಏನೇ ಹೇಳಲಿ, ದಾಟಿ ಹೋಗಬಹುದು. ಆದರೆ ಬಂದೂಕಿನಲ್ಲಿ ಗುಂಡು ಇರಬಾರದು. ಬಂದೂಕಾಗಲಿ ಗುಂಡಾಗಲಿ ಕಾರಿನಲ್ಲಿ ಕೂತವರ ಕೈಗೆ ಸುಲಭವಾಗಿ ಎಟುಕಬಾರದು. ಪ್ರತ್ಯೇಕ ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಮುಂದಿನ ಗ್ಲೋವ್ ಬಾಕ್ಸು, ಎರಡು ಸೀಟಿನ ನಡುವಿನ ಖಾನೆ ನಡೆಯುವುದಿಲ್ಲ.

ಇದನ್ನು ಓದಿದ ಕನ್ನಡದ ಪಂಡಿತರಿಗೆ ಎಲ್ಲೋ ನೋಡಿದಂತೆ ಅನ್ನಿಸದೆ ಇರದು. ಇದು ಮಡಿ. ಅಪ್ಪಟ ಮಡಿ. ಅಜ್ಜಿಯ ಸೀರೆ ಅಟ್ಟದ ಗಳುವಿನ ಮೇಲೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಒಣಗುತ್ತಿರುವಂತೆ, ಕೋವಿಯೂ ಎಲ್ಲರ ಸ್ಪರ್ಶದಿಂದ ದೂರ, ಬೇರೆ ಪಾತ್ರೆಯಲ್ಲಿ, ಬರಿಹೊಟ್ಟೆಯಲ್ಲಿ ಪ್ರಯಾಣ ಮಾಡಬೇಕು. ಮುಟ್ಟಿದರೆ ಮೈಲಿಗೆ. ಅಜ್ಜಿಯ ಮಡಿಯಲ್ಲಿ ಮತ್ತೆ ಸ್ನಾನ ಮಾಡಿದರೆ ಮುಗಿಯಿತು, ಇದರಲ್ಲಿ ವಕೀಲರನ್ನು ಹಿಡಿಯಬೇಕು.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಸ್ವಾಮಿ, ಪಿಸ್ತೂಲು ಒಯ್ಯುವುದು ಆತ್ಮರಕ್ಷಣೆಗೆ ತಾನೆ? ಕನೆಕ್ಟಿಕಟ್‌ನ ಯಾವುದೋ ಪೆಟ್ರೋಲ್ ಬಂಕಿನಲ್ಲಿ, ರಾತ್ರಿ ಹನ್ನೊಂದಕ್ಕೆ, ದರೋಡೆಕೋರ ಬಂದ ಎನ್ನಿ. ಗೃಹಸ್ಥ ಕಾರಿನಿಂದ ಇಳಿಯಬೇಕು. ಡಿಕ್ಕಿ ತೆರೆಯಬೇಕು. ಅತ್ತೆಗೆಂದು ತಂದ ಕಂಬಳಿ, ಮಕ್ಕಳ ಬೂಟು, ಸ್ಟೆಪ್ನಿ ಪಕ್ಕಕ್ಕೆ ಸರಿಸಬೇಕು. ಪೆಟ್ಟಿಗೆ ಸಿಕ್ಕಿತು, ಕೀ ಇಲ್ಲ. ಕೀ ಹೆಂಡತಿಯ ಬ್ಯಾಗಿನಲ್ಲಿ, ಬ್ಯಾಗು ಮುಂದಿನ ಸೀಟಿನಲ್ಲಿ, ಅದರ ತಳದಲ್ಲಿ ಲಿಪ್‌ಸ್ಟಿಕ್ಕಿನ ಕೆಳಗೆ. ಇನ್ನು ಗುಂಡಿನ ಡಬ್ಬಿ ಬೇರೆ. ಅಷ್ಟು ಹೊತ್ತು ದರೋಡೆಕೋರನಿಗೆ ಕೂರಲು ಕುರ್ಚಿ ಕೊಡಬೇಕೇ, ನಿಂಬೆಹಣ್ಣಿನ ಪಾನಕ ಸಾಕೇ?

ಸಿದ್ಧಾಂತಿಯ ಉತ್ತರ ತಣ್ಣಗಿದೆ. ಕಲಮು ರಕ್ಷಿಸುವುದು ಪ್ರಯಾಣವನ್ನು, ಪ್ರಯಾಣಿಕನನ್ನಲ್ಲ. ಆತ್ಮರಕ್ಷಣೆ ಹೊರಟ ಊರಿನಲ್ಲಿ ಉಂಟು, ತಲುಪಿದ ಊರಿನಲ್ಲಿ ಉಂಟು, ನಡುವೆ ಅದು ಸಾಮಾನು. ಮೇಯ್ನ್‌ನಿಂದ ಫ್ಲಾರಿಡಾಕ್ಕೆ ಪಿಯಾನೋ ಸಾಗಿಸುವವನು ದಾರಿಯಲ್ಲಿ ನುಡಿಸುತ್ತಾನೆಯೇ?

ಇನ್ನು ಈ ಶಾಸ್ತ್ರದ ಅತ್ಯಂತ ಗಹನವಾದ ಪರಿಕಲ್ಪನೆಗೆ ಬರಬೇಕು. ಅದು ಎಟುಕುತ್ವ. ನವ್ಯನ್ಯಾಯದ ಧಾಟಿಯಲ್ಲಿ ಹೇಳಿದರೆ, ಡಿಕ್ಕಿತ್ವಾವಚ್ಛಿನ್ನ ಎಟುಕುತ್ವಾಭಾವವೇ ಕೋವಿಯ ಮೋಕ್ಷ. ಹಾಗಾದರೆ ಕಾರೇ ಇಲ್ಲದಿದ್ದರೆ?

2005ರಲ್ಲಿ ಯೂಟಾದ ಒಬ್ಬಾತ ಸಾಲ್ಟ್ ಲೇಕ್ ಸಿಟಿಯಿಂದ ಪೆನ್ಸಿಲ್ವೇನಿಯಾದ ಆಲೆನ್‌ಟೌನಿಗೆ ವಿಮಾನ ಹತ್ತಿದ. ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿ, ಗುಂಡು ಇನ್ನೊಂದು ಬೀಗದ ಪೆಟ್ಟಿಗೆಯಲ್ಲಿ, ಎರಡೂ ವಿಮಾನದ ಹೊಟ್ಟೆಗೆ ಹೋಗುವ ಲಗೇಜಿನಲ್ಲಿ, ವಿಮಾನದವರಿಗೆ ಮೊದಲೇ ಹೇಳಿ. ಮಡಿಯಲ್ಲಿ ಒಂದು ಲೋಪವಿಲ್ಲ. ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ವಿಮಾನ ಬದಲಿಸಬೇಕಿತ್ತು, ತಡವಾಗಿ ತಪ್ಪಿಹೋಯಿತು. ಬದಲಿಗೆ ಬಸ್ಸು ಕೊಟ್ಟರು, ಲಗೇಜು ಆ ಬಸ್ಸಿಗೆ ಬರಲಿಲ್ಲ. ಲಗೇಜು ಹುಡುಕಿ ತರುವಷ್ಟರಲ್ಲಿ ಬಸ್ಸು ಹೊರಟಿತ್ತು. ಆತ ಸೂಟ್‌ಕೇಸು ಎಳೆದುಕೊಂಡು ಹೋಟೆಲಿನಲ್ಲಿ ರಾತ್ರಿ ಕಳೆದ. ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಬಂದು, ಕೇಳುವ ಮೊದಲೇ, ಇದರಲ್ಲಿ ಪಿಸ್ತೂಲಿದೆ ಎಂದ. ಕೈಗೆ ಬೇಡಿ ಬಿತ್ತು, ಹಲವು ದಿನ ಜೈಲಾಯಿತು. ಮೊಕದ್ದಮೆ ಆಮೇಲೆ ಕೈಬಿಟ್ಟರು ನಿಜ, ಆದರೆ ಪರಿಹಾರಕ್ಕೆ ಹೂಡಿದ ದಾವೆಯನ್ನು 2010ರಲ್ಲಿ ಮೂರನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ನ್ಯಾಯಾಲಯ ಕಂಡದ್ದು ಇದನ್ನು: ಕಲಮು ಮಾತಾಡುವುದು ವಾಹನದ ಬಗ್ಗೆ, ಹೋಟೆಲಿನ ರಾತ್ರಿಯಲ್ಲಿ ಸೂಟ್‌ಕೇಸು ಅವನ ಕೈಯಳತೆಯಲ್ಲಿತ್ತು, ಆದ್ದರಿಂದ ಎಟುಕುತ್ವ ಸಿದ್ಧ. ಪಾಪ, ತಪ್ಪು ಅವನದಲ್ಲ ಎಂಬುದನ್ನೂ ನ್ಯಾಯಾಲಯ ಗಮನಿಸಿತು. ಲಗೇಜು ಕೈಗೆ ತೆಗೆದುಕೊಳ್ಳುವ ಮುಂಚೆಯೇ ನಿಲ್ದಾಣದ ಪೊಲೀಸರ ಬಳಿ ಹೋಗಬಹುದಿತ್ತು ಎಂಬ ಪ್ರಾಯಶ್ಚಿತ್ತವನ್ನೂ ಸೂಚಿಸಿತು. ತನ್ನ ಸೂಟ್‌ಕೇಸನ್ನು ತಾನೇ ಮುಟ್ಟಿದ್ದರಿಂದ ಕೆಟ್ಟ ಮೊದಲ ಮಡಿವಂತ ಈತ.

ಇದರ ಜೊತೆಗೆ ಸತ್ಯವಾಕ್ಯ ವಿಚಾರವನ್ನೂ ಓದಬೇಕು. 2013ರಲ್ಲಿ ಫಿಲಡೆಲ್ಫಿಯಾದ, ಎರಡು ಮಕ್ಕಳ ತಾಯಿಯೊಬ್ಬಳು ನದಿ ದಾಟಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿ ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಪೊಲೀಸರು ಸಂಚಾರ ನಿಯಮದ ಸಲುವಾಗಿ ಕಾರು ನಿಲ್ಲಿಸಿದರು. ಆಕೆಯ ಬಳಿ ಪೆನ್ಸಿಲ್ವೇನಿಯಾದ ಪರವಾನಗಿ ಇತ್ತು, ಪಿಸ್ತೂಲೂ ಇತ್ತು. ಎರಡನ್ನೂ ತಾನಾಗಿ ಹೇಳಿದಳು. ನ್ಯೂಜೆರ್ಸಿಗೆ ಪೆನ್ಸಿಲ್ವೇನಿಯಾದ ಪರವಾನಗಿ ಬರೀ ಕಾಗದ. ಕನಿಷ್ಠ ಮೂರೂವರೆ ವರ್ಷ ಸೆರೆಯ ಆಪಾದನೆ ತಲೆಯ ಮೇಲೆ ಬಂತು. ಪುಣ್ಯಕೋಟಿಯ ವಂಶ ಅಟ್ಲಾಂಟಿಕ್ ತೀರದವರೆಗೂ ಹಬ್ಬಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ, ಹುಲಿಯ ತಳಿ ಮಾತ್ರ ಬೇರೆ. ಅದು ಬೆಟ್ಟದಿಂದ ಹಾರಲಿಲ್ಲ. ಒಂದೂವರೆ ವರ್ಷ ಕಡತ ತಿರುವಿತು, 2015ರ ಏಪ್ರಿಲ್‌ನಲ್ಲಿ ಗವರ್ನರ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು.

ಸತ್ಯ ಹೇಳಬೇಕೇ ಬೇಡವೇ ಎಂಬುದೂ ರಾಜ್ಯಕ್ಕೊಂದು ಬಗೆ. ಪೊಲೀಸರು ನಿಲ್ಲಿಸಿದೊಡನೆ, ಕೇಳದಿದ್ದರೂ, ಬಂದೂಕಿದೆ ಎಂದು ಹೇಳಲೇಬೇಕೆಂದು ನಾರ್ತ್ ಕ್ಯಾರೊಲಿನಾ ವಿಧಿಸುತ್ತದೆ. ಮೇಯ್ನ್‌ನಲ್ಲೂ ಪರವಾನಗಿ ಇಲ್ಲದೆ ಒಯ್ಯುವವನಿಗೆ ಇದೇ ವಿಧಿ. ಪೆನ್ಸಿಲ್ವೇನಿಯಾದಲ್ಲಿ ಅಂಥ ಕಟ್ಟಳೆಯಿಲ್ಲ. ಆಕೆ ತನ್ನ ರಾಜ್ಯ ಕೇಳದ ಸತ್ಯವನ್ನು, ಕೇಳಬಾರದ ರಾಜ್ಯಕ್ಕೆ ಕೊಟ್ಟಳು.

ಪರವಾನಗಿಯ ಅಧ್ಯಾಯದಲ್ಲಿ ಸ್ವಾರಸ್ಯ ಹೆಚ್ಚಿರುವುದು ವರ್ಮಾಂಟ್‌ನದು. ಇಂದು 29 ರಾಜ್ಯಗಳು ಪರವಾನಗಿ ಇಲ್ಲದೆ ಒಯ್ಯಲು ಬಿಡುತ್ತವೆ. ಉಳಿದವು ಆಮೇಲೆ ಬಿಟ್ಟವು, ವರ್ಮಾಂಟ್ ಮೊದಲಿನಿಂದಲೂ ಕೇಳಿದ್ದೇ ಇಲ್ಲ. ಕೇಳದ ಕಾರಣ ಕೊಡುವುದೂ ಇಲ್ಲ. ಹಾಗಾಗಿ ಪರರಾಜ್ಯದ ಪರವಾನಗಿಗೆ ಮಾನ್ಯತೆ ಕೊಡುವ ರಾಜ್ಯಕ್ಕೆ ಹೋದರೆ, ತೋರಿಸಲು ವರ್ಮಾಂಟಿನವನ ಕೈಯಲ್ಲಿ ಏನೂ ಇಲ್ಲ. ರೇಷನ್ ಕಾರ್ಡು ಬೇಡದ ಸಾಹುಕಾರ ವಿಳಾಸದ ಪುರಾವೆಗೆ ಒದ್ದಾಡುವ ಹಾಗೆ, ಅತ್ಯಂತ ಸ್ವತಂತ್ರ ರಾಜ್ಯದ ಪ್ರಜೆ ಯೂಟಾಕ್ಕೋ ಫ್ಲಾರಿಡಾಕ್ಕೋ ಅರ್ಜಿ ಹಾಕಿ, ಅವರ ಹೊರರಾಜ್ಯದವರ ಪರವಾನಗಿ ತರಿಸಿಕೊಳ್ಳುತ್ತಾನೆ. ಲಾಸ್ ವೇಗಸ್‌ನಲ್ಲಿ ನಡುರಾತ್ರಿ ಆದ ಮದುವೆ ಐವತ್ತು ರಾಜ್ಯಗಳಲ್ಲೂ ಮದುವೆಯೇ, ಡ್ರೈವಿಂಗ್ ಲೈಸೆನ್ಸು ಎಲ್ಲೆಡೆ ಲೈಸೆನ್ಸೇ. ಕೋವಿಯ ಕಾಗದಕ್ಕೂ ಆ ಭಾಗ್ಯ ಕೊಡುವ ಮಸೂದೆ 2017ರ ಡಿಸೆಂಬರ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ 231-198 ಮತಗಳಿಂದ ಗೆದ್ದು ಸೆನೆಟ್‌ನಲ್ಲಿ ಮಲಗಿತು. ಮಸೂದೆಯ ಸಂಖ್ಯೆ 38. ಹೆಸರುವಾಸಿ ರಿವಾಲ್ವರ್ ಗುಂಡಿನ ಅಳತೆಯೂ 38.

ಅಲಂಕಾರಶಾಸ್ತ್ರಜ್ಞರು ಇದನ್ನು ಶ್ಲೇಷ ಎನ್ನಬಹುದು. ಅವರಿಗೆ ಟೆಕ್ಸಸ್ ಇನ್ನೂ ರಸವತ್ತಾದ ಉದಾಹರಣೆ ಕೊಡುತ್ತದೆ. ಮರೆಮಾಡಿದ ಪಿಸ್ತೂಲಿಗೆ ಪ್ರವೇಶವಿಲ್ಲ ಎಂದು ಅಂಗಡಿಯವನು ಹೇಳಬೇಕಾದರೆ ದಂಡಸಂಹಿತೆಯ 30.06ನೆಯ ಕಲಮಿನ ಪ್ರಕಾರ ಫಲಕ ಹಾಕಬೇಕು. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಎದ್ದು ಕಾಣುವ ಬಣ್ಣದಲ್ಲಿ, ಅಕ್ಷರಗಳು ಒಂದು ಇಂಚಿಗೆ ಕಡಿಮೆಯಿಲ್ಲದಂತೆ. 30-06 ಎಂಬುದು ಅಮೆರಿಕದ ಸೇನೆ 1906ರಲ್ಲಿ ಅಂಗೀಕರಿಸಿದ ರೈಫಲ್ ತೋಟಾದ ಹೆಸರು ಕೂಡ. ಹೆಂಡವೇ ಅರ್ಧಕ್ಕಿಂತ ಹೆಚ್ಚಿನ ಆದಾಯವಾದ ಅಂಗಡಿಯ ಬಾಗಿಲಿಗೆ 51% ಎಂದು ಕೆಂಪಕ್ಷರದ ಇನ್ನೊಂದು ಫಲಕ. ಪಿಸ್ತೂಲುಧಾರಿ ಒಳಹೋಗುವ ಮೊದಲು ಅಂಗಡಿಯ ಜಮಾಖರ್ಚು ತಿಳಿದಿರಬೇಕಾದ ಏಕೈಕ ಶಾಸ್ತ್ರ ಇದು.

ಶಾಲೆಗಳಿಂದ ಸಾವಿರ ಅಡಿ ದೂರವಿರಬೇಕು ಎಂಬ ಕೇಂದ್ರದ ಕಾನೂನೂ ಇದೆ. ಸುಪ್ರೀಂ ಕೋರ್ಟು 1995ರಲ್ಲಿ ಅದನ್ನು ಹೊಡೆದುಹಾಕಿತು, ಸಂಸತ್ತು ಮರುವರ್ಷ ತಿದ್ದಿ ಮತ್ತೆ ತಂದಿತು. ಆ ಶಾಲೆ ಇರುವ ರಾಜ್ಯವೇ ಕೊಟ್ಟ ಪರವಾನಗಿ ಇದ್ದರೆ ವಿನಾಯಿತಿ, ಗುಂಡು ತೆಗೆದು ಬೀಗ ಹಾಕಿಟ್ಟಿದ್ದರೂ ವಿನಾಯಿತಿ. ಉಳಿದವರು ಊರೊಳಗೆ ಕಾರು ಓಡಿಸುತ್ತ ಎಡಬಲಕ್ಕೆ ಮಕ್ಕಳ ಕೂಗು ಕೇಳುತ್ತದೆಯೇ ಎಂದು ಕಿವಿಗೊಡುವುದು ಒಳ್ಳೆಯದು.

ವಿಮಾನಯಾನದ ಪಾದವನ್ನು ಬೇಗ ಮುಗಿಸಬಹುದು. ಗುಂಡಿಲ್ಲದೆ, ಗಟ್ಟಿ ಪೆಟ್ಟಿಗೆಯಲ್ಲಿ, ಬೀಗ ಹಾಕಿ, ಹೇಳಿ, ಲಗೇಜಿಗೆ ಹಾಕಿದರೆ ಆಯಿತು. ಆದರೂ 2023ರಲ್ಲಿ ತಪಾಸಣೆಯ ಯಂತ್ರದಡಿ ಕೈಚೀಲಗಳಲ್ಲಿ ಸಿಕ್ಕ ಬಂದೂಕುಗಳು 6,737. ನೂರಕ್ಕೆ ತೊಂಬತ್ತಮೂರರಲ್ಲಿ ಗುಂಡು ತುಂಬಿತ್ತು. ಸಿಕ್ಕಿಬಿದ್ದವರ ಮಾಮೂಲು ಸಮಜಾಯಿಷಿ, ಚೀಲದಲ್ಲಿದ್ದದ್ದು ಮರೆತುಹೋಯಿತು ಎಂಬುದು. ಜನ ಕೊಡೆ ಮರೆಯುತ್ತಾರೆ, ಆದರೆ ಮರೆತ ಕೊಡೆ ಬಸ್ಸಿನಲ್ಲಿ ಉಳಿಯುತ್ತದೆ.

ಯಾವ ಮಹಾಪ್ರಬಂಧಕ್ಕೂ ಒಂದು ತುಲನಾತ್ಮಕ ಅಧ್ಯಾಯ ಇರಲೇಬೇಕು, ಇಲ್ಲದಿದ್ದರೆ ಪದವಿ ಸಿಗುವುದಿಲ್ಲ. ಹಾಗಾಗಿ ಕೊಡಗು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಉಳಿದವರದು 1959ರ ಆಯುಧ ಕಾಯ್ದೆ. ಅದು ಇಡೀ ದೇಶಕ್ಕೆ ಒಂದೇ, ಪರವಾನಗಿ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಆ ಪುಸ್ತಕದಲ್ಲೇ ಬರೆದಿರುತ್ತದೆ. ಮಾಕುಟ್ಟ ದಾಟಿ ಕೇರಳಕ್ಕೆ ಇಳಿದರೆ ಕಾಗದದ ಕೈ ಮೊಟಕಾಗಬಹುದು, ಕಾನೂನು ಬೇರೆಯದಾಗುವುದಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕಿನ ನಳಿಗೆಗೆ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸುತ್ತಾರೆ. ಅದೇ ಕೋವಿಗೆ ಅಲ್ಲಿ ಹೂವು, ಇಲ್ಲಿ ಬೀಗ.

ಗೃಹಸ್ಥನನ್ನು ಕನೆಕ್ಟಿಕಟ್‌ನಲ್ಲೇ ಬಿಟ್ಟು ಬಂದದ್ದಾಯಿತು. ಅವನು ನ್ಯೂಯಾರ್ಕನ್ನು ನಿಲ್ಲದೆ ದಾಟಿದ್ದಾನೆ. ಟೊಳ್ಳುಮೂತಿಯ ಗುಂಡಿಗೂ ತಕರಾರಿರುವ ನ್ಯೂಜೆರ್ಸಿಯಲ್ಲಿ ಮೂತ್ರವಿಸರ್ಜನೆಯನ್ನೂ ಮುಂದೂಡಿದ್ದಾನೆ. ಡೆಲವೇರ್, ಮೇರಿಲ್ಯಾಂಡ್ ಕಳೆದು ಪೊಟೋಮ್ಯಾಕ್ ನದಿಯ ವುಡ್ರೋ ವಿಲ್ಸನ್ ಸೇತುವೆ ಹತ್ತಿದ್ದಾನೆ. ಹೆದ್ದಾರಿ 95 ರಾಜಧಾನಿಯನ್ನು ಮುಟ್ಟುವುದು ಆ ಸೇತುವೆಯ ಮೇಲೆ ಮಾತ್ರ, ಇನ್ನೂರು ಮೀಟರಿಗೂ ಕಡಿಮೆ. ಐವತ್ತೊಂದನೆಯ ಉತ್ತರ ಹಿಡಿಯುವಷ್ಟು ಜಾಗ. ಒಂದು ಸೀನು ಬಂದು ಮುಗಿಯುವುದರೊಳಗೆ ವರ್ಜೀನಿಯಾ, ಅಲ್ಲಿಂದ ಕೆಳಗೆ ಕಾನೂನು ಮತ್ತೆ ಸಡಿಲಾಗುತ್ತ ಹೋಗುತ್ತದೆ.

ಫ್ಲಾರಿಡಾ 2023ರ ಜುಲೈಯಿಂದ ಪರವಾನಗಿ ಕೇಳುವುದಿಲ್ಲ. ಗಡಿ ದಾಟಿದೊಡನೆ ಸಿಗುವ ಸ್ವಾಗತ ಕೇಂದ್ರದಲ್ಲಿ ಪುಕ್ಕಟೆ ಕಿತ್ತಳೆ ರಸ ಕೊಡುತ್ತಾರೆ. ಗೃಹಸ್ಥ ಒಂದು ಲೋಟ ಕುಡಿದು, ಎರಡು ದಿನಗಳಿಂದ ಮಡಿಯಲ್ಲಿದ್ದ ಪಿಸ್ತೂಲನ್ನು ಸೊಂಟಕ್ಕೇರಿಸಲು ಡಿಕ್ಕಿ ತೆರೆದ. ಕಂಬಳಿ, ಬೂಟು, ಸ್ಟೆಪ್ನಿ ಸರಿಸಿ ಪೆಟ್ಟಿಗೆ ಎಳೆದ.

“ಕೀ ಕೊಡೇ.”

“ನನ್ನ ಹತ್ರ ಎಲ್ಲಿದೆ? ಹೊರಡೋ ದಿನ ನೀವೇ ಇಸ್ಕೊಂಡ್ರಲ್ಲ, ಬ್ಯಾಗಲ್ಲಿದ್ರೆ ಕಳೆದುಹೋಗತ್ತೆ, ಜೋಪಾನವಾಗಿ ಇಡ್ತೀನಿ ಅಂತ.”

“ಎಲ್ಲಿಟ್ಟೆ?”

ಅವಳು ಪೆಟ್ಟಿಗೆಯ ಕಡೆ ನೋಡಿದಳು. ಕೀ ಇಲ್ಲದೆಯೇ ಒತ್ತಿದರೆ ಬೀಳುವ ಬೀಗ ಅದು. ಅವನು ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದ. ಒಳಗೆ ಏನೋ ಸಣ್ಣದು ಕಿಣಿಕಿಣಿ ಎಂದಿತು. ಪೆಟ್ಟಿಗೆಯನ್ನು ಕಂಬಳಿಯ ಕೆಳಗೆ ಮೊದಲಿನಂತೆಯೇ ಇಟ್ಟು, ಡಿಕ್ಕಿ ಮುಚ್ಚಿ, ಇನ್ನೊಂದು ಲೋಟ ರಸ ಸಿಗುತ್ತದೆಯೇ ಎಂದು ಕೇಳಲು ಒಳಗೆ ಹೋದ.