ಬಿಸಿಯಾಗುವುದು ನಾನು, ಹೆಸರು ರಸ್ತೆಗೆ!

(ಬ್ರೇಕ್ ಲೈನರ್ ಜೊತೆ ಒಂದು ಕಾಲ್ಪನಿಕ ಸಂದರ್ಶನ)

ಹೊರವರ್ತುಲ ರಸ್ತೆ, ದೊಡ್ಡನೆಕ್ಕುಂದಿ, ಸಂಜೆ ಏಳು. ಸಿಲ್ಕ್ ಬೋರ್ಡ್ ಕಡೆಗೆ ಹೊರಟ ಸಿಟಿ ಬಸ್ಸು ಮೆಟ್ರೊ ಕಂಬದ ಪಕ್ಕ ನಿಂತಿದೆ. ಯಾಕೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಎಡಚಕ್ರದ ಲೈನರ್‌ಗೆ ಪುರುಸೊತ್ತಿತ್ತು, ನನಗೂ ಇತ್ತು.

ಹೇಗಿದ್ದೀರಿ?

ವಾಸನೆ ಬರ್ತಿಲ್ವಾ? ಜನ ಸೇರಿ ಈ ಬಸ್ಸು 15 ಟನ್. ವೇಗ ಗಂಟೆಗೆ 36 ಕಿ.ಮೀ., ಅಂದ್ರೆ ಸೆಕೆಂಡಿಗೆ 10 ಮೀಟರ್. ಅರ್ಧ ಎಂ ವಿ ಸ್ಕ್ವೇರ್ ಹಾಕಿ: 7.5 ಲಕ್ಷ ಜೌಲ್. ಒಂದು ಸಲ ನಿಲ್ಲಿಸಿದ್ರೆ ಹೆಚ್ಚುಕಮ್ಮಿ ಅಷ್ಟೂ ನಮ್ಮ ಮನೆಯವರ ಮೈಗೆ, ಡ್ರಮ್ಮಿಗೆ. ಎರಡು ಲೀಟರ್ ತಣ್ಣೀರು ಕುದಿಯುತ್ತೆ.

ಅದಕ್ಕೇ ಕೇಳ್ತಿದ್ದೀನಿ, ಈ ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹೇಳಿದೆ: 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಬೀದಿಯದ್ದು...

ಹಂಪ್ ಬಿಡಿ ಸಾರ್. ಪಿಯುಸಿ ಭೌತಶಾಸ್ತ್ರ ಓದಿದ್ದೀರಾ? ಇಳಿಜಾರಿನ ಮೇಲೊಂದು ಮರದ ತುಂಡು ಜಾರುತ್ತೆ. ಯಾವ ಊರಲ್ಲಿ ಜನ ಮರದ ತುಂಡಿನ ಮೇಲೆ ಕೂತು ಆಫೀಸಿಗೆ ಹೋಗ್ತಾರೆ? ಚಕ್ರ ಜಾರದೆ ಉರುಳ್ತಾ ನಿಂತ್ರೆ ಟೈರು ರಸ್ತೆಯನ್ನು ಉಜ್ಜೋದೇ ಇಲ್ಲ. ಉಜ್ಜೋದು, ಸವೆಯೋದು, ಸುಡೋದು ನಾನು. ಪುಸ್ತಕದಲ್ಲಿ ಮಾತ್ರ "ರಸ್ತೆಯ ಘರ್ಷಣೆ ಮಾಡಿದ ಕೆಲಸ"! ಇನ್ನೊಂದು ಪುಟ ತಿರುಗಿಸಿದ್ರೆ "ಘರ್ಷಣೆಯನ್ನು ನಿರ್ಲಕ್ಷಿಸಿ". ನಿರ್ಲಕ್ಷಿಸಿ ನೋಡೋಣ, ಮಾರತ್ತಹಳ್ಳಿ ಸೇತುವೆ ಇಳಿಯುವಾಗ.

ನಿಮ್ಮನ್ನು ಬದಲಾಯಿಸಿ ಎಷ್ಟು ದಿನ ಆಯ್ತು?

ಆ ಪುಸ್ತಕದ ಲೆಕ್ಕವೇನೋ ಸಲೀಸು ಅನ್ನೋದನ್ನು ಒಪ್ಪಬೇಕು. ವೇಗೋತ್ಕರ್ಷ, ಕಾಲ ಅಂತ ಒದ್ದಾಡೋ ಹಾಗಿಲ್ಲ. ಚಲನಶಕ್ತಿಯನ್ನು ಘರ್ಷಣಬಲದಿಂದ ಭಾಗಿಸಿ, ನಿಲ್ಲೋಕೆ ಬೇಕಾದ ದೂರ ಬಂತು. ತೂಕ ಎರಡೂ ಕಡೆ ಹೊಡೆದುಹೋಗುತ್ತೆ. ಒಣ ರಸ್ತೆಯ ಘರ್ಷಣಾ ಗುಣಾಂಕ 0.7 ಅಂದುಕೊಳ್ಳಿ, 36ಕ್ಕೆ ಏಳು ಮೀಟರ್ ಸಾಕು. ವೇಗ ಎರಡರಷ್ಟಾದ್ರೆ ದೂರ ನಾಲ್ಕರಷ್ಟು, 28.

ಬದಲಾಯಿಸಿದ್ದು ಯಾವಾಗ ಅಂತ ಕೇಳಿದೆ. ಹೋಗಲಿ, ಆ ಹಂಪ್...

ಸಾರ್, ಆ ಕಡೆ ನೋಡಿ. ಸರ್ವಿಸ್ ರಸ್ತೆ ತಿರುವಲ್ಲಿ ಟಿಪ್ಪರ್ ಚೆಲ್ಲಿದ ಎಂ-ಸ್ಯಾಂಡ್. ಗುಡಿಸಿಲ್ಲ. ಅದರ ಮೇಲೆ ಗುಣಾಂಕ 0.2ಕ್ಕೆ ಇಳಿದ್ರೆ ಏಳು ಮೀಟರ್ ಅಲ್ಲ, 25. ಉಳಿದ 18 ಮೀಟರ್ ಎಲ್ಲಿಂದ ತರ್ತೀರಿ? ಡೆಲಿವರಿ ಹುಡುಗ ಬೀಳ್ತಾನೆ, ಹಿಂದೆ ಲಾರಿ ಇರುತ್ತೆ. ಕೇಸು ಯಾರ ಮೇಲೆ? ಅತಿವೇಗ, ಅಜಾಗರೂಕತೆ, ಮೊದಲು ಐಪಿಸಿ 279, ಈಗ ಬಿಎನ್‌ಎಸ್ 281. ಅವನು ಬ್ರೇಕ್ ಹಿಡಿದಿದ್ದ. ಅವನ ಗಾಡಿಯ ಲೈನರ್ ತನ್ನ ಕೆಲಸ ಮಾಡಿತ್ತು. ರಸ್ತೆ ಮಾಡಲಿಲ್ಲ. ರಸ್ತೆಯ ತಪ್ಪಿಂದ ಜೀವ ಹೋದ್ರೆ ಗುತ್ತಿಗೆದಾರ, ಪ್ರಾಧಿಕಾರದವರೂ ದಂಡ ಕಟ್ಟಬೇಕು ಅಂತ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಸೇರಿಸಿದ್ದಾರೆ. ಎಷ್ಟು? ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಒಬ್ಬ ಹುಡುಗನಿಗೆ. ಒಂದು ಪೊರಕೆಗೆ ಎಷ್ಟು ಸಾರ್?

(ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಾರ್ನ್‌ಗಳು ಮಾತಾಡುತ್ತಿದ್ದವು.)

ಪರಿಹಾರ?

ಪ್ರಶ್ನೆಪತ್ರಿಕೆ ತೆಗೆಯೋರಿಗೆ ಹೇಳಿ, ಮರದ ತುಂಡು ಬಿಟ್ಟು ಇದನ್ನು ಕೊಡಲಿ: "ದೊಡ್ಡನೆಕ್ಕುಂದಿಯಲ್ಲಿ 36 ಕಿ.ಮೀ. ವೇಗದ ಸ್ಕೂಟರು. ಮೊದಲ ಐದು ಮೀಟರ್ ಒಣ ಡಾಂಬರು, ಆಮೇಲೆ ಮರಳು. ಎಲ್ಲಿ ನಿಲ್ಲುತ್ತದೆ?" ಐದು ಮೀಟರಲ್ಲಿ ಎಷ್ಟು ಶಕ್ತಿ ಕಳೀತು, ಮಿಕ್ಕಿದ್ದನ್ನು ಮರಳಿನ ಬಲದಿಂದ ಭಾಗಿಸಿದ್ರೆ ಆಯ್ತು. ಐದು ಅಂಕ. ಗುತ್ತಿಗೆದಾರರಿಗೆ ಇದು ಕಡ್ಡಾಯ ಪ್ರಶ್ನೆ.

ಅದಕ್ಕೇ ಒಂದು ಉಪಪ್ರಶ್ನೆ ಸೇರಿಸಬಹುದಾ? "ಹಂಪ್‌ನ ಎತ್ತರ 10 ಸೆಂ.ಮೀ. ಬದಲು..."

ಕಿರ್‍ರ್‍ರ್!