ಅಮೆರಿಕದ ಪಕ್ಷ: ಜೋಡಿಸುವ ಕ್ರಮ, ಬಳಸುವ ವಿಧಾನ

ಡಬ್ಬಿ ಬಿಚ್ಚಿದ ಕೂಡಲೇ ಸಂವಿಧಾನ ತಿರುವಿಹಾಕಬೇಡಿ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಆ ದಾಖಲೆಯಲ್ಲಿ ರಾಜಕೀಯ ಪಕ್ಷದ ಸುದ್ದಿಯೇ ಇಲ್ಲ. ಮೊದಲು ಪಕ್ಷಗಳನ್ನು ಚೆನ್ನಾಗಿ ಬೈಯಿರಿ. ಜಾರ್ಜ್ ವಾಷಿಂಗ್ಟನ್ 1796ರ ವಿದಾಯ ಸಂದೇಶದಲ್ಲಿ ಮಾಡಿದ್ದು ಅದನ್ನೇ. ಬೈದು ಸುಸ್ತಾದ ಮೇಲೆ ಪಕ್ಷ ಕಟ್ಟಲು ಕೂರಿ. ವಾಷಿಂಗ್ಟನ್ ಅವರದೇ ಸಂಪುಟದಲ್ಲಿದ್ದ ಹ್ಯಾಮಿಲ್ಟನ್ ಮತ್ತು ಜೆಫರ್ಸನ್ ಅಷ್ಟು ಹೊತ್ತು ಕಾಯಲಿಲ್ಲ. ರಾಷ್ಟ್ರೀಯ ಬ್ಯಾಂಕು ಬೇಕೋ ಬೇಡವೋ ಎಂಬಂಥ ಜಗಳಗಳಲ್ಲೇ ಒಬ್ಬರು ಫೆಡರಲಿಸ್ಟರಿಗೆ, ಇನ್ನೊಬ್ಬರು ರಿಪಬ್ಲಿಕನ್ನರಿಗೆ ತಳಪಾಯ ಹಾಕಿಬಿಟ್ಟಿದ್ದರು.

ಎಚ್ಚರಿಕೆ: ಆ ರಿಪಬ್ಲಿಕನ್ನರು ಇಂದಿನ ಡೆಮಾಕ್ರಟರ ಹಿರೀಕರು. ಈಗಿನ ರಿಪಬ್ಲಿಕನ್ ಪಕ್ಷ ಹುಟ್ಟಿದ್ದು 1854ರಲ್ಲಿ, ಪಶ್ಚಿಮದ ಹೊಸ ಪ್ರಾಂತ್ಯಗಳಿಗೆ ಗುಲಾಮಗಿರಿ ಹಬ್ಬಬಾರದು ಎಂಬ ಹಟದಿಂದ. ಲೇಬಲ್ ನಂಬಿ ಬಿಡಿಭಾಗ ಜೋಡಿಸಿದವರ ಪಾಡು ದೇವರಿಗೇ ಪ್ರೀತಿ.

ಒಮ್ಮೆ ಓಡಿಸಿ ನೋಡಿ. 1800ರಲ್ಲಿ ನೋಡಿದಾಗ ಯಂತ್ರ ಕೆಟ್ಟದ್ದು ಶಿಸ್ತು ಜಾಸ್ತಿಯಾಗಿ! ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು ಪಕ್ಷದ ಇಬ್ಬರಿಗೂ ಒಬ್ಬರೂ ತಪ್ಪದೆ ಮತ ಹಾಕಿದರು. ಅಧ್ಯಕ್ಷರಾಗಬೇಕಿದ್ದ ಜೆಫರ್ಸನ್‌ಗೂ ಉಪಾಧ್ಯಕ್ಷರಾಗಬೇಕಿದ್ದ ಆರನ್ ಬರ್‌ಗೂ ತಲಾ 73 ಮತ ಬಿದ್ದವು. ಕೆಳಮನೆ 36 ಸುತ್ತು ಮತ ಹಾಕಿ ತೀರ್ಮಾನಿಸಿತು. 1804ರ ತಿದ್ದುಪಡಿ ಈ ದೋಷ ಸರಿಪಡಿಸಿದೆ.

ಇನ್ನು ಮೋಟಾರು. ಸಿದ್ಧಾಂತ ಹಾಕಿ ನೋಡಿದವರಿದ್ದಾರೆ. ಗುಂಡಿ ಒತ್ತಿದಾಗ ಓಡಿದ್ದು ಮಾತ್ರ ಸರಕಾರಿ ನೌಕರಿಯಿಂದ. ನ್ಯೂಯಾರ್ಕಿನ ಮಾರ್ಟಿನ್ ವ್ಯಾನ್ ಬ್ಯೂರನ್ ಇದನ್ನು ಅರಿತೇ 1828ರಲ್ಲಿ ಆಂಡ್ರೂ ಜಾಕ್ಸನ್‌ರ ಬೆನ್ನಿಗೆ ನಿಂತು ರಾಜ್ಯರಾಜ್ಯಗಳ ಗುಂಪುಗಳನ್ನು ಒಂದು ಸಂಘಟನೆಯಾಗಿ ಹೊಲಿದರು. ಗೆದ್ದವರಿಗೆ ಕೊಳ್ಳೆ ಸಲ್ಲಬೇಕಾದದ್ದೇ ಎಂದು ವಿಲಿಯಂ ಮಾರ್ಸಿ 1832ರಲ್ಲಿ ಸೆನೆಟ್‌ನಲ್ಲೇ ನಾಚದೆ ಹೇಳಿದರು. ಅಂಚೆ ಕಚೇರಿ, ಸುಂಕದ ಕಟ್ಟೆ, ಎಲ್ಲ ಕಡೆ ನಮ್ಮವರು. ಅವರ ಸಂಬಳದಲ್ಲೊಂದು ಪಾಲು ಪಕ್ಷದ ಪೆಟ್ಟಿಗೆಗೆ. ಕೆಳಗಿನ ಹಲ್ಲುಚಕ್ರ ವಾರ್ಡಿನ ಮುಖಂಡ. ನ್ಯೂಯಾರ್ಕಿನ ಡೆಮಾಕ್ರಟರ ಗುಂಪಾದ ಟ್ಯಾಮನಿ ಹಾಲ್‌ನವರು ಚಳಿಗಾಲಕ್ಕೆ ಕಲ್ಲಿದ್ದಲು ಕೊಡಿಸಿ, ವಲಸೆ ಬಂದವರಿಗೆ ಕೆಲಸ ಹುಡುಕಿ, ಲಾಕಪ್ಪಿನಿಂದ ಬಿಡಿಸಿ, ಹೆಣದ ಮೆರವಣಿಗೆಗೂ ಹೋಗುತ್ತಿದ್ದರು. ಬದಲಿಗೆ ಕೇಳುತ್ತಿದ್ದದ್ದು ಒಂದು ವೋಟು. ನಗರಸಭೆಯ ಖಜಾನೆಯನ್ನು ಅವರು ಕೇಳಿ ತೆಗೆದುಕೊಳ್ಳುತ್ತಿರಲಿಲ್ಲ.

ಮೋಟಾರು ಕಾದರೆ ಅಪಾಯ. ಹುದ್ದೆ ಸಿಗದ ಚಾರ್ಲ್ಸ್ ಗಿಟೋ 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್‌ರಿಗೇ ಗುಂಡು ಹಾರಿಸಿದ. 1883ರ ಪೆಂಡಲ್ಟನ್ ಕಾಯಿದೆಯಿಂದ ಕೆಲವು ಹುದ್ದೆಗಳಿಗಾದರೂ ಪರೀಕ್ಷೆ ಬಂತು.

ಇನ್ನು ಅಭ್ಯರ್ಥಿಯ ಆಯ್ಕೆ. ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಆರಿಸುವ ರಾಷ್ಟ್ರೀಯ ಮಹಾಸಮಾವೇಶವನ್ನು ಮೊದಲು ನಡೆಸಿದ್ದು 1831ರ ಮೇಸನ್ ವಿರೋಧಿ ಪಕ್ಷ. ಪಕ್ಷ ಹೋಯಿತು, ಐಡಿಯಾ ಮಾತ್ರ ದೊಡ್ಡವರ ಮನೆ ಸೇರಿತು. (ಮೂರನೆಯ ಪಕ್ಷ ಜೋಡಿಸುವವರು ಈ ಸಾಲನ್ನು ಎರಡು ಸಲ ಓದಿ.) ಕುರ್ಚಿಗೆ ದಿಂಬು ಇಟ್ಟುಕೊಳ್ಳಿ: 1924ರಲ್ಲಿ ಡೆಮಾಕ್ರಟರು 103 ಸುತ್ತು ಮತ ಹಾಕಿ ಜಾನ್ ಡೇವಿಸ್‌ರನ್ನು ಆರಿಸಿದರು. ಅವರು ಸೋತರು.

ಬಿ ಫಾರಂ ಹಂಚುವ ಹೈಕಮಾಂಡ್ ಎಂಬ ಭಾಗ ಈ ಡಬ್ಬಿಯಲ್ಲಿಲ್ಲ, ಹುಡುಕಬೇಡಿ. ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಹೇಳುವ ಚುನಾವಣೆಗೆ ಪ್ರೈಮರಿ ಎನ್ನುತ್ತಾರೆ. 1968ರಲ್ಲಿ ಒಂದೂ ಪ್ರೈಮರಿಗೆ ನಿಲ್ಲದ ಹ್ಯೂಬರ್ಟ್ ಹಂಫ್ರಿ ಷಿಕಾಗೋದಲ್ಲಿ ಟಿಕೆಟ್ ಪಡೆದಾಗ ಎದ್ದ ರಂಪದ ನಂತರ, ಮುಖಂಡರ ಕೈಯಲ್ಲಿದ್ದ ಕೀಲಿಕೈ ಪ್ರೈಮರಿ ಮತದಾರರ ಕೈಗೆ ಹೋಯಿತು. 2016ರಲ್ಲಿ ಹಿಂದೆಂದೂ ಸರಕಾರಿ ಹುದ್ದೆ ಹಿಡಿಯದ ಟ್ರಂಪ್, ಹಲವು ಹಿರಿಯರ ವಿರೋಧದ ನಡುವೆಯೇ ರಿಪಬ್ಲಿಕನ್ ಟಿಕೆಟ್ ಗೆದ್ದರು. ಪಕ್ಷೇತರರಾಗಿ ಸೆನೆಟ್‌ಗೆ ಆರಿಸಿಬಂದಿದ್ದ ಬರ್ನಿ ಸ್ಯಾಂಡರ್ಸ್ ಡೆಮಾಕ್ರಟಿಕ್ ಟಿಕೆಟ್ಟಿಗೆ ಕೊನೆಯ ತನಕ ಸೆಣಸಿದರು. ಯಂತ್ರ ನಿಮ್ಮ ಮಾತು ಕೇಳುತ್ತಿಲ್ಲವೆಂದು ದೂರಿದ್ದರೆ ಪಕ್ಷದ ಕಚೇರಿಗೆ ಅಲೆಯಬೇಡಿ. ರಾಜ್ಯದ ಚುನಾವಣಾ ಕಚೇರಿಗೆ ಹೋಗಿ. ಹೆಚ್ಚಿನ ಕಡೆ ಪ್ರೈಮರಿ ನಡೆಸುವವರು ಅವರೇ, ಅದೂ ಸರಕಾರದ ಖರ್ಚಿನಲ್ಲಿ.