ಅಂಚೆ ಚದುರಂಗದಲ್ಲಿ ಪ್ರತಿಬಿಂಬಪಕ್ಷ: ಒಂದು ಕಿರುಮೀಮಾಂಸೆ

ಲಂಡನ್ ಮತ್ತು ಎಡಿನ್‌ಬರೋ ನಗರಗಳ ಚದುರಂಗ ಸಂಘಗಳು 1824ರಿಂದ 1828ರವರೆಗೆ ಕಾಗದದ ಮೂಲಕವೇ ಕಾದಾಡಿ, ಕಡೆಗೆ ಎಡಿನ್‌ಬರೋ ಜಯಶಾಲಿಯಾದ ಸಂಗತಿಯನ್ನು ಚರಿತ್ರಕಾರರು ಬರೆದಿಟ್ಟಿರುವರಾದರೂ, ಅಂಚೆಯಾಟದ ಪರಮಪುರುಷಾರ್ಥವು ಜಯವಲ್ಲ, ಸೌಜನ್ಯವೆಂಬ ತತ್ತ್ವವು ಅವರಿಗೆ ಗೋಚರಿಸಿದಂತಿಲ್ಲ. ಆ ಸೌಜನ್ಯದ ಪರಾಕಾಷ್ಠೆಯು ಸಮಮಿತ ಇಂಗ್ಲಿಷ್ ಆರಂಭವೆಂದು ಇಲ್ಲಿ ಪ್ರತಿಪಾದಿಸಲಾಗುವುದು.

1843ರಲ್ಲಿ ಪ್ಯಾರಿಸ್ಸಿಗೆ ಹೋಗಿ ಸಾಂತ್ ಅಮಾಂನನ್ನು ಎದುರಿಸಿದ ಆಂಗ್ಲ ವೀರ ಹೋವರ್ಡ್ ಸ್ಟಾಂಟನ್ನನು, ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ್ದರಿಂದ ಈ ಆರಂಭಕ್ಕೆ ಆ ನಾಮಧೇಯವು ಪ್ರಾಪ್ತವಾಯಿತು. ಕರಿಯವನೂ ಅದನ್ನೇ ನಡೆಸುವನು. ಬಿಳಿಯವನು ಕುದುರೆಯನ್ನು ಹೊರಡಿಸಲು ಇವನೂ ಹೊರಡಿಸುವನು. ಆಮೇಲೆ ರಾಜನ ಕಡೆಯ ಕುದುರೆಯ ಕಾಲಾಳು ಒಂದು ಹೆಜ್ಜೆ, ಅದರ ಹಿಂದೆ ಒಂಟೆ. ಇಷ್ಟರಲ್ಲಿ ಎಂಟು ಕಾರ್ಡುಗಳು ವ್ಯಯವಾಗಿದ್ದರೂ ಉಭಯರ ನಡುವೆ ಒಂದು ಕಟುನುಡಿಯೂ ವಿನಿಮಯವಾಗಿರುವುದಿಲ್ಲ.

ಪ್ರತಿಬಿಂಬಪಕ್ಷದ ದೈವಿಕತೆಗೆ ಗಣಿತವೇ ಸಾಕ್ಷಿ. ಭಾಷಾಭೇದವನ್ನು ಪರಿಹರಿಸಲೆಂದು ಅಂತರರಾಷ್ಟ್ರೀಯ ಅಂಚೆಯಾಟದಲ್ಲಿ ಮನೆಗಳನ್ನು ಅಂಕಿಗಳಿಂದ ಸೂಚಿಸುವುದು ರೂಢಿ. ಬಿಳಿಯವನ ಮೊದಲ ನಡೆ 3234, ಕರಿಯವನ ಉತ್ತರ 3735. ಬಿಳಿ ಕುದುರೆ 2133, ಕರಿ ಕುದುರೆ 2836. ಇವುಗಳ ಎರಡನೆಯ ಅಂಕಿಗಳನ್ನು ಪರಸ್ಪರ ಕೂಡಿಸಿರಿ, ನಾಲ್ಕನೆಯವನ್ನೂ ಕೂಡಿಸಿರಿ: ಸರ್ವತ್ರ ಒಂಬತ್ತು! ನವಗ್ರಹ, ನವರಸ, ನವರಾತ್ರಿಗಳನ್ನು ಬಲ್ಲವರಿಗೆ ಬೇರೆ ಪ್ರಮಾಣವೇಕೆ? ‘ಸಾಲುಗಳು ಎಂಟಿರುವುದರಿಂದ ಒಂದಕ್ಕೆ ಎಂಟು, ಎರಡಕ್ಕೆ ಏಳು ಎದುರಾಗುವುವು, ಇದರಲ್ಲೇನು ರಹಸ್ಯ?’ ಎಂದು ಪೂರ್ವಪಕ್ಷಿಯು ಕೇಳಿಯಾನು. ಮಗ್ಗಿಯೊಂದನ್ನೇ ಬಲ್ಲವರೊಡನೆ ಶಾಸ್ತ್ರವಿಚಾರ ಸಲ್ಲದು.

ಅದೇ ಪೂರ್ವಪಕ್ಷಿಯು ಇನ್ನೊಂದು ಆಕ್ಷೇಪವನ್ನೆತ್ತುವನು: ಬಿಳಿಯವನು ರಾಜನಿಗೆ ಚೆಕ್ ಕೊಟ್ಟ ಕ್ಷಣದಲ್ಲಿ ಅನುಕರಣವು ನಿಂತುಹೋಗುವುದಷ್ಟೆ? ನಿಜ, ಮೊದಲು ನಡೆಸುವವನ ಅಸಭ್ಯತೆಗೆ ಆರಂಭವು ಹೊಣೆಯಲ್ಲ. ಮೂವತ್ತು ದಿನಗಳಲ್ಲಿ ಹತ್ತು ನಡೆಗಳೆಂಬ, ಅದರಲ್ಲಿಯೂ ಟಪಾಲು ಪಯಣಿಸುವ ದಿನಗಳನ್ನು ಲೆಕ್ಕಕ್ಕೆ ಹಿಡಿಯದ ಸಾಂಪ್ರದಾಯಿಕ ನಿಯಮದಲ್ಲಿ, ಅನುಕರಿಸುವವನು ಯೋಚಿಸದೆಯೇ ಉಳಿಸಿದ ಕಾಲವು ಆಪತ್ಕಾಲಕ್ಕೆ ಒದಗುವುದೆಂಬುದನ್ನಾದರೂ ಆತನು ಒಪ್ಪಬೇಕು.

ಇನ್ನು, ‘ನೀವು ಹೀಗೆ ನಡೆಸಿದರೆ ನಾನು ಹೀಗೆ’ ಎಂದು ಹಲವು ನಡೆಗಳನ್ನು ಒಂದೇ ಕಾರ್ಡಿನಲ್ಲಿ ಬರೆದು ಕಳುಹಿಸುವ ಪದ್ಧತಿಯೂ ಅಂಚೆಯಾಟದಲ್ಲುಂಟು. ನಮ್ಮ ಪಕ್ಷದವರಿಗೆ ಇದು ಬಲು ಸುಲಭ, ಆದುದರಿಂದಲೇ ನಿಷಿದ್ಧ. ಅಂಚೆಯವನ ಹೊಟ್ಟೆಪಾಡನ್ನು ನೆನೆದು, ವಾಚಕ ಮಹಾಶಯರು ದಯಮಾಡಿ ನಡೆಗೊಂದು ಕಾರ್ಡನ್ನೇ ಬರೆಯತಕ್ಕದ್ದು.